ಸಹಾಯ ಬೇಕು: ಪಿಆರ್‌ಆರ್‌ಎಸ್ ವೈರಸ್‌ನ ಜಿಪಿ5ಕ್ಕೆ ಕೆಲಸವೇನು?

ಎಲ್ಲರಿಗೂ ನಮಸ್ಕಾರ. ನಾನು ಪಶುವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ. ಹಂದಿಗಳಲ್ಲಿ ಗರ್ಭಪಾತ, ಮರಿಗಳಲ್ಲಿ ಉಸಿರಾಟದ ತೊಂದರೆ ತರುವ ಪಿಆರ್‌ಆರ್‌ಎಸ್ ವೈರಸ್ ಬಗ್ಗೆ ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಹಳೆಯ ವಿವರಣೆ ಹೀಗೆ: ವೈರಸ್‌ನ ಹೊರಪೊರೆಯಲ್ಲಿರುವ ಜಿಪಿ5-ಎಂ ಪ್ರೋಟೀನ್ ಜೋಡಿ ಶ್ವಾಸಕೋಶದ ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಣಾ ಕೋಶ) ಮೇಲಿನ ಸಿಯಾಲೋಅಡ್ಹೆಸಿನ್ ಎಂಬ ಗ್ರಾಹಕ ಪ್ರೋಟೀನ್‌ಗೆ ಅಂಟುತ್ತದೆ, ಜೀವಕೋಶ ವೈರಸ್ಸನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ವೈರಸ್‌ನದೇ ಜಿಪಿ2, ಜಿಪಿ3, ಜಿಪಿ4 ಪ್ರೋಟೀನ್‌ಗಳ ಗುಂಪು ಸಿಡಿ163 ಎಂಬ ಇನ್ನೊಂದು ಗ್ರಾಹಕದ ಜೊತೆ ಸೇರಿ ವೈರಸ್‌ನ ಜೀನೋಮ್ ಕೋಶದೊಳಗೆ ಹೊರಬರುತ್ತದೆ. ಆದರೆ ಸಿಯಾಲೋಅಡ್ಹೆಸಿನ್ ಜೀನ್ ಕೆಡಿಸಿದ ಹಂದಿಗಳಿಗೂ ಸೋಂಕು ತಗುಲಿತು! ಸಿಡಿ163 ಇಲ್ಲದವಕ್ಕೆ ತಗುಲಲಿಲ್ಲ. ಅದರ ಐದನೇ ಎಸ್‌ಆರ್‌ಸಿಆರ್ ಭಾಗವೊಂದನ್ನೇ (ಆ ಪ್ರೋಟೀನ್‌ನಲ್ಲಿ ಮರುಕಳಿಸುವ ತುಣುಕುಗಳಲ್ಲಿ ಒಂದು) ತೆಗೆದರೂ ಸೋಂಕು ತಡೆಯಲು ಸಾಕಾಯಿತು.

ಹಾಗಾದರೆ ಜಿಪಿ5-ಎಂ ಜೋಡಿ ಹಿಡಿಯುವುದು ಬೇರೆ ಯಾವ ಗ್ರಾಹಕವನ್ನು? ಕೋಶದ ಮೇಲ್ಮೈಯ ಸಕ್ಕರೆ ಸರಪಳಿಯಾದ ಹೆಪಾರಾನ್ ಸಲ್ಫೇಟ್ ಅಷ್ಟೇ ಸಾಕೇ? ನಮ್ಮ ಗೈಡ್ ಖಂಡಿತ ಇದನ್ನೇ ಕೇಳುತ್ತಾರೆ.

ಇನ್ನೊಂದು, ಪ್ರಯೋಗಾಲಯದಲ್ಲಿ ಈ ವೈರಸ್ ಬೆಳೆಸಲು ಬಳಸುವ ಮಾರ್ಕ್-145 ಕೋಶ ಮಂಗನ ಮೂತ್ರಪಿಂಡದ್ದು, ಅದರಲ್ಲಿ ಸಿಯಾಲೋಅಡ್ಹೆಸಿನ್ ಇಲ್ಲ. ಅದರಲ್ಲಿ ಸಿಕ್ಕ ಫಲಿತಾಂಶವನ್ನು ಹಂದಿಗೆ ಎಷ್ಟು ಅನ್ವಯಿಸಬಹುದು? ಹಂದಿ ಮ್ಯಾಕ್ರೋಫೇಜ್‌ಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಳ್ಳೆಯ ವಿಮರ್ಶಾ ಲೇಖನ ಗೊತ್ತಿದ್ದರೂ ಹೇಳಿ, ಕನ್ನಡದಲ್ಲೇ ಬಿಡಿಸಿ ಹೇಳಿದರಂತೂ ಬಹಳ ಉಪಕಾರ.