ದಂಡು ಬಿಟ್ಟುಹೋದ ಕೋವಿ: ‘ಹೆಚ್ಚುವರಿ’ಯೋ, ‘ಮಿಗತೆ’ಯೋ, ‘ಉಳಿಕೆ’ಯೋ?

ಬಲ್ಲವರಲ್ಲಿ ಒಂದು ವಿನಂತಿ. ನ್ಯೂಜಿಲೆಂಡಿನ ಇತಿಹಾಸಕ್ಕೆ ಸಂಬಂಧಿಸಿದ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಸರ್‌ಪ್ಲಸ್ ಆರ್ಮ್ಸ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬ್ರಿಟಿಷ್ ಸೇನೆ ತನಗೆ ಬೇಡವಾದಾಗ ವಸಾಹತಿಗೆ ದಾಟಿಸಿದ ಆಯುಧಗಳು ಎಂಬುದು ಅಲ್ಲಿ ಅದರ ಅರ್ಥ. ಮೊದಲ ಕರಡಿನಲ್ಲಿ ಯೋಚಿಸದೆ ‘ಹೆಚ್ಚುವರಿ ಶಸ್ತ್ರಾಸ್ತ್ರ’ ಎಂದು ಬರೆದುಬಿಟ್ಟಿದ್ದೆ. ತಿದ್ದಲು ಕುಳಿತಾಗ ಆ ಪದ ಅರ್ಥವನ್ನೇ ಕೆಡಿಸುತ್ತಿದೆ ಎನ್ನಿಸಿತು.

ಸಂದರ್ಭವನ್ನು ಚಿಕ್ಕದಾಗಿ ಹೇಳುತ್ತೇನೆ. 1860ರ ದಶಕದಲ್ಲಿ ನೆಲಕ್ಕಾಗಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರೊಡನೆ ನಡೆದ ಯುದ್ಧಗಳಿಗೆ ಬ್ರಿಟನ್ ಸಾವಿರಾರು ಸೈನಿಕರನ್ನು ಅಲ್ಲಿಗೆ ಕಳಿಸಿತ್ತು. ಆಮೇಲೆ, ಸ್ವಯಮಾಡಳಿತ ಪಡೆದ ವಸಾಹತುಗಳು ತಮ್ಮ ಕಾವಲಿನ ಖರ್ಚನ್ನು ತಾವೇ ಹೊರಲಿ ಎಂಬ ನಿಲುವು ಲಂಡನ್ನಿನಲ್ಲಿ ಗಟ್ಟಿಯಾಗಿ, ಯುದ್ಧಮಂತ್ರಿ ಎಡ್ವರ್ಡ್ ಕಾರ್ಡ್‌ವೆಲ್‌ನ ಕಾಲದಲ್ಲಿ ಪಡೆಗಳನ್ನು ಹಿಂದಕ್ಕೆ ಕರೆಸಿಕೊಂಡರು. ಕೊನೆಯ ರೆಜಿಮೆಂಟಾದ 18ನೆಯ ರಾಯಲ್ ಐರಿಷ್ 1870ರ ಆರಂಭದಲ್ಲಿ ಹಡಗು ಹತ್ತಿತು. ಆಕ್ಲೆಂಡಿನ ಆಲ್ಬರ್ಟ್ ಬ್ಯಾರಕ್ಸ್ ಬರಿದಾಯಿತು. ಗುಂಡು ಹಾರಿಸಲು ಕಂಡಿಗಳನ್ನು ಬಿಟ್ಟು ಕಟ್ಟಿದ ಅದರ ಕಲ್ಲುಗೋಡೆಯ ಒಂದು ಭಾಗ ಈಗಲೂ ಅಲ್ಲಿನ ವಿಶ್ವವಿದ್ಯಾಲಯದ ಅಂಗಳದಲ್ಲಿದೆ. ಮುಂದಿನ ಕಾವಲು ವಸಾಹತಿನ ಮಿಲಿಷಿಯಾ (ಕರೆದಾಗ ಬರಬೇಕಾದ ನಾಗರಿಕರ ಪಡೆ), ವಾಲಂಟಿಯರ್ ತುಕಡಿಗಳು ಹಾಗೂ 1867ರಲ್ಲಿ ಕಟ್ಟಿದ ಸಶಸ್ತ್ರ ಪೊಲೀಸ್ ಪಡೆಯಾದ ಆರ್ಮ್ಡ್ ಕಾನ್‌ಸ್ಟ್ಯಾಬ್ಯುಲರಿಯ ಪಾಲಿಗೆ ಬಂತು.

ಈಗ ಪದದ ವಿಚಾರ. 1853ರ ನಮೂನೆಯ ಎನ್‌ಫೀಲ್ಡ್ ಬಾಯಿಯಿಂದ ಮದ್ದು ತುಂಬುವ ಕೋವಿ. ಬ್ರಿಟಿಷ್ ಸೇನೆ 1866ರಲ್ಲಿ ಅದೇ ಕೋವಿಯ ನಳಿಗೆಯನ್ನು ಹಿಂಬದಿಯಲ್ಲಿ ಕತ್ತರಿಸಿ, ಬಲಕ್ಕೆ ತೆರೆಯುವ ಮುಚ್ಚಳವನ್ನು ಕೂರಿಸಿ, ಹಿಂದಿನಿಂದ ತೋಟಾ ಹಾಕುವ ಸ್ನೈಡರ್ ಆಗಿ ಮಾರ್ಪಡಿಸತೊಡಗಿತು. 1871ರಲ್ಲಿ ಅದನ್ನೂ ಬದಿಗಿಟ್ಟು ಮಾರ್ಟಿನಿ-ಹೆನ್ರಿಗೆ ಒಪ್ಪಿಗೆ ಕೊಟ್ಟಿತು. ಹೀಗೆ ಸೇನೆಯ ಲೆಕ್ಕದಲ್ಲಿ ಹಳತಾದ ಕೋವಿಯೇ ವಸಾಹತಿನ ವಾಲಂಟಿಯರನ ಕೈಯಲ್ಲಿದ್ದ ಏಕೈಕ ಕೋವಿ. ಅದನ್ನು ‘ಹೆಚ್ಚುವರಿ’ ಎನ್ನಬಹುದೇ? ಹೆಚ್ಚುವರಿ ಬಸ್ಸು, ಹೆಚ್ಚುವರಿ ಜಿಲ್ಲಾಧಿಕಾರಿ ಎಂದೆಲ್ಲ ಹೇಳುವ ನಮಗೆ ಆ ಪದ ‘ಇರುವುದರ ಮೇಲೆ ಇನ್ನಷ್ಟು’ ಎಂದೇ ಕೇಳಿಸುತ್ತದೆ. ‘ವಸಾಹತಿಗೆ ಹೆಚ್ಚುವರಿ ಶಸ್ತ್ರಾಸ್ತ್ರ ದೊರೆಯಿತು’ ಎಂದು ಬರೆದರೆ, ಬೇಡವಾದದ್ದನ್ನು ದಾಟಿಸಿದರು ಎಂಬುದು ಹೋಗಿ, ಕುಮ್ಮಕ್ಕಾಗಿ ಇನ್ನಷ್ಟು ಕಳಿಸಿದರು ಎಂಬ ಅರ್ಥವೇ ನಿಲ್ಲುತ್ತದೆ. ‘ಮಿಗತೆ’ ಬಜೆಟ್ಟಿಗೆ ಅಂಟಿಕೊಂಡಿದೆ. ಅದರಲ್ಲಿ ಸಮೃದ್ಧಿಯ ಛಾಯೆಯಿದೆ. ‘ಗುಜರಿ’ ಎಂದರೆ ತೂಕಕ್ಕೆ ಹೋಗುವ ಕಬ್ಬಿಣ. ನನ್ನ ಹೆಂಡತಿ ‘ತಂಗಳು ಕೋವಿ ಅನ್ನಿ’ ಎಂದು ನಕ್ಕಳು. ನಗೆಯ ಮಾತಾದರೂ, ಒಬ್ಬರ ತಂಗಳು ಇನ್ನೊಬ್ಬರ ಹೊತ್ತಿನ ಊಟವೆಂಬ ಅರ್ಥ ಅದರಲ್ಲಿ ಸರಿಯಾಗಿಯೇ ಕೂತಿದೆ. ದಾಸ್ತಾನು ಪುಸ್ತಕದಲ್ಲಿ ‘ಉಳಿಕೆ’ ಎಂಬ ಕಾಲಮ್ಮಿರುತ್ತದೆ. ಇದ್ದದ್ದೆಷ್ಟೆಂದು ಹೇಳುತ್ತದೆಯೇ ಹೊರತು ಬೇಕೋ ಬೇಡವೋ ಎಂಬ ತೀರ್ಪು ಕೊಡುವುದಿಲ್ಲ. ಆದ್ದರಿಂದ ಸದ್ಯಕ್ಕೆ ‘ಸೇನೆಯ ಉಳಿಕೆ ಆಯುಧಗಳು’ ಎಂದು ತಿದ್ದಿದ್ದೇನೆ.

ಕೋವಿಯ ಬಗೆಯನ್ನು ಹೇಳಲು ನಮ್ಮ ಮಲೆನಾಡಿನ ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂಬ ಜೋಡಿ ಸಾಕೆಂದುಕೊಂಡಿದ್ದೆ. ಆದರೆ ಎನ್‌ಫೀಲ್ಡಿಗೂ ಕಾಗದದ ತೋಟಾ ಇತ್ತು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬು ಸವರಿದ ತೋಟಾ ಅದರದ್ದೇ. ಹಾಗಾಗಿ ‘ಬಾಯಿಮದ್ದಿನ ಕೋವಿ’, ‘ಹಿಂದೋಟೆಯ ಕೋವಿ’ ಎಂದು ಹೊಸದಾಗಿ ಹೊಸೆದಿದ್ದೇನೆ. ಎರಡನೆಯದು ನನಗೇ ಒಪ್ಪಿಗೆಯಾಗಿಲ್ಲ.

ಇದಕ್ಕಿಂತ ತೊಡಕಿನದು ‘ಲೋಕಲ್ ಡಿಫೆನ್ಸ್’. ‘ಸ್ಥಳೀಯ ರಕ್ಷಣೆ’ ಎಂದರೆ ಕನ್ನಡದ ಓದುಗರು ಸ್ಥಳೀಯರ ರಕ್ಷಣೆ ಎಂದೇ ಓದುತ್ತಾರೆ. ಅಲ್ಲಿನ ಸ್ಥಳೀಯರು ಮಾವೋರಿಗಳು. ಕೋವಿಗಳನ್ನು ಹಿಡಿದು ನಿಂತದ್ದು ಬಹುಮಟ್ಟಿಗೆ ಅವರ ಎದುರಿಗೇ, ಅವರಲ್ಲಿ ಕೆಲವರು ಸರ್ಕಾರದ ಪರವಾಗಿ ಕಾದಿದ್ದರೂ ಸಹ. 1881ರ ನವೆಂಬರ್ 5ರಂದು ಸುಮಾರು 1,600 ಮಂದಿ ಕಾನ್‌ಸ್ಟ್ಯಾಬ್ಯುಲರಿಯವರೂ ವಾಲಂಟಿಯರುಗಳೂ ಪರಿಹಾಕ ಎಂಬ ಮಾವೋರಿ ಹಳ್ಳಿಗೆ ನುಗ್ಗಿದಾಗ ಅವರನ್ನು ಎದುರುಗೊಂಡದ್ದು ಹಾಡುತ್ತಿದ್ದ ಮಕ್ಕಳು. ಇದನ್ನು ‘ಸ್ಥಳೀಯ ರಕ್ಷಣೆ’ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ನಮ್ಮ ಓದುಗರಿಗೆ ಗೊತ್ತಿರುವ ಕತೆಗಳೂ ಬೇರೆ: ಹಲಗಲಿಯ ಬೇಡರು 1857ರಲ್ಲಿ ತಮ್ಮ ಹತಾರಗಳನ್ನು ಒಪ್ಪಿಸಲಾರೆವೆಂದು ಸೆಟೆದು ನಿಂತರು, ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಎರಡರಲ್ಲೂ ಮಾತು ಮಣ್ಣಿನ ಮಕ್ಕಳ ಕೈಯ ಆಯುಧದ್ದು.

ನಮ್ಮ ಮನೆಯ ಕೋವಿಯ ಪರವಾನಗಿಯಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಡಲು ಒಯ್ಯುತ್ತೇವೆ. ಪೇದೆಯವರು ಒಂಟಿ ನಳಿಗೆ ಎಂದು ಬರೆದುಕೊಂಡು, ಹಿಡಿಗೆ ಚೀಟಿ ಕಟ್ಟಿ ಮೂಲೆಗೆ ಒರಗಿಸುತ್ತಾರೆ. ಕಳೆದ ಸಲ ಆ ಚೀಟಿಯನ್ನು ನೋಡುತ್ತಿದ್ದಾಗ, ಯಾವುದರ ರಕ್ಷಣೆ ಎಂಬುದನ್ನು ಆಡಳಿತದ ಕನ್ನಡವೇ ಬಿಡಿಸಿ ಹೇಳಿದೆಯಲ್ಲ ಎನ್ನಿಸಿತು. ಅದೇ ಮಾದರಿಯಲ್ಲಿ ‘ವಲಸಿಗರ ನೆಲೆಗಳ ರಕ್ಷಣೆ’ ಎಂದು ಬರೆದರೆ ಮೂಲಕ್ಕಿಂತ ಹೆಚ್ಚು ಹೇಳಿದಂತಾಗುತ್ತದೆಯೇ?

ಕೊನೆಯದಾಗಿ ‘ಮಿಲಿಷಿಯಾ’. ‘ಗೃಹರಕ್ಷಕ ದಳ’ ತೀರ ಇಂದಿನದು. ‘ಸ್ವಯಂಸೇವಕ’ ಎಂದರೆ ಜಾತ್ರೆಯಲ್ಲಿ ನೀರು ಕೊಡುವವರು ನೆನಪಾಗುತ್ತಾರೆ. ಮೈಸೂರು ಸಂಸ್ಥಾನದ ‘ಕಂದಾಚಾರ’ದವರು ಊರಲ್ಲೇ ಇದ್ದು, ಕರೆದಾಗ ಕಾವಲಿಗೂ ಕಾಳಗಕ್ಕೂ ಬರುತ್ತಿದ್ದವರಾದ್ದರಿಂದ ಆ ಪದ ಹತ್ತಿರ ಬರುತ್ತದೆ, ಆದರೆ ಆಕ್ಲೆಂಡಿನ ಬಿಳಿಯ ರೈತನನ್ನು ಕಂದಾಚಾರದವನೆಂದರೆ ನಗೆಪಾಟಲಾದೀತೆಂಬ ಅಳುಕೂ ಇದೆ. ‘ನಾಡಪಡೆ’, ‘ಊರಪಡೆ’ ಇವುಗಳಲ್ಲಿ ಯಾವುದನ್ನಾದರೂ ಹಳೆಯ ಬಳಕೆಯಲ್ಲಿ ಈ ಅರ್ಥದಲ್ಲಿ ಕಂಡವರಿದ್ದರೆ, ವಾಕ್ಯದ ಸಮೇತ ತಿಳಿಸಬೇಕಾಗಿ ಕೋರುತ್ತೇನೆ.