ಟೋಪಿ ಮಾಡುವವನು ಟೋಪಿವಾಲನಲ್ಲ

ದೊಡ್ಡಪ್ಪ: ಬಂದ ಸಂದೇಶವನ್ನು ಹಾಗೆಯೇ ಹಾಕುತ್ತಿದ್ದೇನೆ. “ನಿಮಗೆ ಗೊತ್ತೇ? ಇಂಗ್ಲಿಷಿನಲ್ಲಿ ‘ಮ್ಯಾಡ್ ಆ್ಯಸ್ ಎ ಹ್ಯಾಟರ್’ ಎನ್ನುತ್ತಾರೆ, ಟೋಪಿವಾಲನಂತೆ ಹುಚ್ಚ ಎಂದರ್ಥ. ಹಿಂದೆ ಟೋಪಿವಾಲರು ಪಾದರಸ ಬಳಸಿ ಹುಚ್ಚರಾಗುತ್ತಿದ್ದರು. ಅವರ ಹುಚ್ಚಾಟ ನೋಡಿಯೇ ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರಲ್ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಎಂಬ ಮಕ್ಕಳ ಕಥೆಯಲ್ಲಿ ಹುಚ್ಚು ಟೋಪಿವಾಲನನ್ನು ತಂದ. ಓದಿ, ನಕ್ಕು, ಹತ್ತು ಜನರಿಗೆ ಕಳುಹಿಸಿ.”

ಅಣ್ಣ: ಒಳ್ಳೆಯ ಮಾಹಿತಿ. ಪುಟ್ಟಿಗೂ ಓದಿ ಹೇಳಿದೆ.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. ಓದಿ ನಗುವಂಥದ್ದು ಇದರಲ್ಲಿ ಏನೂ ಇಲ್ಲ.

ದೊಡ್ಡಪ್ಪ: ಪಾದರಸ ಬಳಸುತ್ತಿದ್ದದ್ದು ಸುಳ್ಳೇ?

ನಾನು: ಅದು ನಿಜ. ಆದರೆ ಮೊದಲು ಪದ ನೋಡಿ. ಹ್ಯಾಟರ್ ಎಂದರೆ ಟೋಪಿ ಮಾಡುವವನು. ನಮ್ಮ ಭಾಷೆಯಲ್ಲಿ ಟೋಪಿ ಹಾಕುವುದು ಎಂದರೆ ಮೋಸ ಮಾಡುವುದು, ಟೋಪಿವಾಲ ಎಂದರೆ ಮೋಸಗಾರ. ವಿಷದ ಹಬೆಯಲ್ಲಿ ನಿಂತು ದುಡಿದವನನ್ನು ಮೊದಲು ಮೋಸಗಾರ ಎಂದು ಕರೆದು, ಆಮೇಲೆ ಹುಚ್ಚ ಎಂದಂತಾಯಿತು.

ಅತ್ತಿಗೆ: ಒಂದು ಪದಕ್ಕೆ ಇಷ್ಟು ಕೋಪವೇ? ಟಾಂಗಾವಾಲ ಎಂದರೆ ಟಾಂಗಾ ಹೊಡೆಯುವವನು. ಹಾಗೆಯೇ ಟೋಪಿವಾಲ ಎಂದರೆ ಟೋಪಿಯವನು. ಸಂದರ್ಭದಿಂದ ಅರ್ಥವಾಗುತ್ತದೆ.

ನಾನು: ಟಾಂಗಾ ಹಾಕಿದ ಎಂದು ಯಾರೂ ಬೈಯುವುದಿಲ್ಲ ಅತ್ತಿಗೆ. ಟೋಪಿ ಹಾಕಿದ ಎಂದು ದಿನವೂ ಬೈಯುತ್ತೇವೆ.

ಅಣ್ಣ: ಇಂಗ್ಲಿಷಿನಲ್ಲಿ ಮಾಡುವವನೂ ಹ್ಯಾಟರ್, ಮಾರುವವನೂ ಹ್ಯಾಟರ್. ಹೆಂಗಸರ ಟೋಪಿ ಮಾಡುವವರಿಗೆ ಮಾತ್ರ ಮಿಲಿನರ್ ಎಂಬ ಬೇರೆ ಹೆಸರು. ಮಿಲಾನ್ ನಗರದಿಂದ ಬಂದ ಸರಕು ಮಾರುತ್ತಿದ್ದವರಿಗೆ ಅಂಟಿಕೊಂಡ ಹೆಸರಂತೆ ಅದು.

ಪುಟ್ಟಿ: ಅತ್ತೆ, ಟೋಪಿಗೆ ಪಾದರಸ ಏಕೆ ಬೇಕು? ಅದು ಥರ್ಮಾಮೀಟರಿನಲ್ಲಿ ಇರುವುದಲ್ಲವೇ?

ನಾನು: ಒಳ್ಳೆಯ ಪ್ರಶ್ನೆ ಪುಟ್ಟಿ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಆ ಕಾಲದ ಟೋಪಿಗಳನ್ನು ಫೆಲ್ಟಿನಿಂದ ಮಾಡುತ್ತಿದ್ದರು. ಫೆಲ್ಟ್ ನೇಯ್ದದ್ದೂ ಅಲ್ಲ, ಹೆಣೆದದ್ದೂ ಅಲ್ಲ. ತುಪ್ಪಳದ ಎಳೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಉಜ್ಜಿ ಅದುಮಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಹಾಳೆಯಾಗುತ್ತವೆ. ಬೀವರ್ ಎಂಬ ಪ್ರಾಣಿಯ ಒಳತುಪ್ಪಳಕ್ಕೆ ಹುಟ್ಟಿನಿಂದಲೇ ಸಣ್ಣ ಮುಳ್ಳುಗಳಿರುತ್ತವೆ. ಅದು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಒಳ್ಳೆಯ ಟೋಪಿಯನ್ನೇ ಜನ ‘ಬೀವರ್’ ಎಂದು ಕರೆಯುತ್ತಿದ್ದರು. ಯೂರೋಪಿನಲ್ಲಿ ಆ ಪ್ರಾಣಿಯನ್ನು ಬೇಟೆಯಾಡಿ ಬರಿದು ಮಾಡಿದ ಮೇಲೆ ಉತ್ತರ ಅಮೆರಿಕದ ಕಡೆ ತಿರುಗಿದರು. 1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿಯ ಮುಖ್ಯ ವ್ಯಾಪಾರವೇ ಬೀವರ್ ಚರ್ಮ.

ಬೀವರ್ ದುಬಾರಿ. ಮೊಲದ ತುಪ್ಪಳ ಅಗ್ಗ, ಆದರೆ ನುಣುಪು, ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಕಂಡುಕೊಂಡ ಉಪಾಯವೇ ಪಾದರಸ. ನೈಟ್ರಿಕ್ ಆಮ್ಲದಲ್ಲಿ ಪಾದರಸ ಕರಗಿಸಿ, ಆ ದ್ರಾವಣವನ್ನು ಕುಂಚದಿಂದ ಚರ್ಮದ ಮೇಲಿನ ತುಪ್ಪಳಕ್ಕೆ ಹಚ್ಚಿ ಒಣಗಿಸುತ್ತಿದ್ದರು. ಎಳೆಯ ಮೈ ಒರಟಾಗುತ್ತಿತ್ತು, ತುದಿಗಳು ಗಜ್ಜರಿಯ ಬಣ್ಣಕ್ಕೆ ತಿರುಗುತ್ತಿದ್ದವು. ಆದ್ದರಿಂದಲೇ ಇಂಗ್ಲಿಷಿನಲ್ಲಿ ಆ ಕೆಲಸದ ಹೆಸರು ‘ಕ್ಯಾರಟಿಂಗ್’. ಫ್ರೆಂಚರು ಅದನ್ನು ‘ಸೆಕ್ರೆತಾಜ್’ ಎಂದರು. ಗುಟ್ಟು ಎಂಬ ಪದ ಆ ಹೆಸರಿನೊಳಗೇ ಇದೆ.

ಪುಟ್ಟಿ: ಅಲ್ಲಿಗೆ ಮುಗಿಯಿತೇ?

ನಾನು: ವಿಷದ ಕೆಲಸ ಅಲ್ಲಿಂದ ಶುರು. ಕತ್ತರಿಸಿದ ತುಪ್ಪಳವನ್ನು ಮೇಜಿನ ಮೇಲೆ ಹರವಿ, ಸೂರಿನಿಂದ ತೂಗುಬಿಟ್ಟ ಉದ್ದನೆಯ ಬಿಲ್ಲನ್ನು ಅದರ ಮೇಲೆ ಹಿಡಿದು ಹೆದೆ ಮೀಟುತ್ತಿದ್ದರು, ಹತ್ತಿ ಹಿಂಜುವ ಬಿಲ್ಲಿನ ಹಾಗೆಯೇ. ಮೀಟಿದಂತೆಲ್ಲ ತುಪ್ಪಳ ಎದ್ದು ಹಾರಿ ಹಗುರವಾಗಿ ಕೂರುತ್ತದೆ. ಹಾರಿದ ಧೂಳೆಲ್ಲ ಮೂಗಿಗೆ. ಆಮೇಲೆ ಕುದಿಯುವ ತೊಟ್ಟಿಯ ಸುತ್ತ ನಿಂತು ಬರಿಗೈಯಲ್ಲಿ ಅದ್ದಿ ಉರುಳಿಸಿ ಕುಗ್ಗಿಸಬೇಕು, ಅಚ್ಚಿಗೆ ಹಾಕಿ ಹಬೆ ಕೊಡಬೇಕು, ಇಸ್ತ್ರಿ ಹೊಡೆಯಬೇಕು. ಬಿಸಿ ತಾಗಿದಾಗಲೆಲ್ಲ ಪಾದರಸ ಆವಿಯಾಗಿ ಮೇಲೆ ಏಳುತ್ತದೆ. ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ಒಮ್ಮೆ ನನ್ನ ಕೈಯಿಂದಲೇ ಥರ್ಮಾಮೀಟರ್ ಬಿದ್ದು ಒಡೆಯಿತು. ಬೆಳ್ಳಿಯ ಮಣಿಗಳು ಮೇಜಿನ ಸಂದಿಗೆ ಉರುಳಿದವು. ಬೆರಳಿಗೆ ಸಿಗಲಿಲ್ಲ, ವಾಸನೆಯೂ ಇಲ್ಲ. ಕಿಟಕಿಗಳನ್ನೆಲ್ಲ ತೆರೆದು ಮಕ್ಕಳನ್ನು ಹೊರಗೆ ಕಳುಹಿಸಿದೆ. ಅಷ್ಟೇ ಅಷ್ಟು ಪಾದರಸಕ್ಕೆ ನಾನು ಹಾಗೆ ಹೆದರಿದೆ. ಅವರು ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ದಿನವಿಡೀ ಆ ಹಬೆಯಲ್ಲೇ ಇರುತ್ತಿದ್ದರು.

ಅಣ್ಣ: ಹಾಗಾದರೆ ಸಂದೇಶವೂ ಅದನ್ನೇ ಹೇಳುತ್ತಿದೆ. ಪಾದರಸ, ಅದರಿಂದ ಹುಚ್ಚು.

ನಾನು: ಹುಚ್ಚಲ್ಲ ಅಣ್ಣ, ನನ್ನ ತಕರಾರು ಅಲ್ಲಿಯೇ ಇರುವುದು. ಮೊದಲು ಕೈ ನಡುಗುತ್ತದೆ, ಸಹಿ ಮಾಡಿದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಲೋಟ ತುಟಿಗೆ ತಲುಪುವುದರೊಳಗೆ ತುಳುಕುತ್ತದೆ. ಒಸಡು ಬಾಯುತ್ತದೆ, ಜೊಲ್ಲು ಸುರಿಯುತ್ತದೆ, ಹಲ್ಲು ಅಲುಗಾಡುತ್ತದೆ. ಮನಸ್ಸಿಗೆ ಆಗುವುದಕ್ಕೆ ವೈದ್ಯರು ಎರೆಥಿಸಂ ಎನ್ನುತ್ತಾರೆ. ಅದರ ಮುಖ್ಯ ಲಕ್ಷಣ ಸಂಕೋಚ. ಯಾರಾದರೂ ನೋಡುತ್ತಿದ್ದಾರೆ ಎಂದರೆ ಕೆಲಸ ಕೈತಪ್ಪುತ್ತದೆ, ಮುಖ ಕೆಂಪಾಗುತ್ತದೆ, ಸಿಟ್ಟು ಬರುತ್ತದೆ, ಜನರಿಂದ ದೂರ ಸರಿಯಬೇಕು ಅನ್ನಿಸುತ್ತದೆ. ಇವರದು ಹುಚ್ಚಾಟವಲ್ಲ, ಮರೆಯಾಗಬೇಕು ಎನ್ನುವ ಸಂಕಟ.

ಅತ್ತಿಗೆ: ಈ ಮಾತಿಗೆ ನಾನೂ ಒಂದು ಸೇರಿಸುತ್ತೇನೆ. ಆಲಿಸ್ ಕಥೆಯ ಹ್ಯಾಟರ್ ಸಂಕೋಚದವನೇ ಅಲ್ಲ. ಚಹಾ ಕೂಟದಲ್ಲಿ ಆಲಿಸ್‌ಳ ಮುಖಕ್ಕೇ ಕೂದಲು ಕತ್ತರಿಸಿಕೋ ಎನ್ನುತ್ತಾನೆ, ಉತ್ತರವಿಲ್ಲದ ಒಗಟು ಕೇಳುತ್ತಾನೆ. ಇನ್ನೊಂದು ವಿಷಯ, ಮೂಲದಲ್ಲಿ ಅವನ ಹೆಸರು ಬರೀ ‘ಹ್ಯಾಟರ್’. ‘ಮ್ಯಾಡ್ ಹ್ಯಾಟರ್’ ಎಂದು ಕ್ಯಾರಲ್ ಎಲ್ಲಿಯೂ ಕರೆದಿಲ್ಲ.

ನಾನು: ನೋಡಿದಿರಾ ದೊಡ್ಡಪ್ಪ? ಆ ಪುಸ್ತಕ ಬಂದದ್ದು 1865ರಲ್ಲಿ. ನುಡಿಗಟ್ಟು 1830ರ ದಶಕದಲ್ಲಿಯೇ ಅಚ್ಚಾಗಿತ್ತು, ಅಲ್ಲಿ ‘ಮ್ಯಾಡ್’ ಎಂಬುದಕ್ಕೆ ಸಿಟ್ಟಿಗೆದ್ದ ಎಂಬ ಅರ್ಥ. ಟೋಪಿ ಕೆಲಸಗಾರರ ಹುಚ್ಚಾಟ ನೋಡಿ ಅವನನ್ನು ತಂದ ಎಂಬ ಸಾಲಿಗೆ ಆಧಾರವಿಲ್ಲ.

ದೊಡ್ಡಪ್ಪ: ನಾನೂ ಆ ಪುಸ್ತಕ ಓದಿದವನೇ. ಈಗ ತೆಗೆದು ನೋಡಿದೆ. ಹನ್ನೊಂದನೆಯ ಅಧ್ಯಾಯ, ನ್ಯಾಯಾಲಯ. ರಾಜನ ಮುಂದೆ ಹ್ಯಾಟರ್ ಎಷ್ಟು ನಡುಗುತ್ತಾನೆಂದರೆ ಎರಡೂ ಷೂಗಳು ಕಳಚಿ ಬೀಳುತ್ತವೆ. ಬ್ರೆಡ್ಡು ಕಚ್ಚಲು ಹೋಗಿ ಬಟ್ಟಲನ್ನೇ ಕಚ್ಚುತ್ತಾನೆ. ನಾನು ಬಡವ ಎಂದು ಮತ್ತೆ ಮತ್ತೆ ಹೇಳುತ್ತಾನೆ. ನಡುಕ, ನೋಡುವವರ ಎದುರಿನ ಅಂಜಿಕೆ, ನೀನು ಹೇಳಿದ್ದೆಲ್ಲ ಇದೆಯಲ್ಲ?

ನಾನು: ಈ ಭಾಗ ನನಗೆ ಮರೆತುಹೋಗಿತ್ತು. ತಲೆ ತೆಗೆಸುತ್ತೇನೆ ಎಂದ ರಾಜನ ಎದುರು ಯಾರಾದರೂ ನಡುಗುತ್ತಾರೆ, ಆದ್ದರಿಂದ ಇದು ಪಾದರಸದ ನಡುಕವೇ ಎನ್ನಲಾರೆ. ಆದರೂ ನನ್ನ ಮಾತು ಸಡಿಲವಾಯಿತು, ಒಪ್ಪುತ್ತೇನೆ.

ದೊಡ್ಡಪ್ಪ: ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ಅವಮಾನ ಎನ್ನುವುದು ಏಕೆ?

ನಾನು: ಗೊತ್ತಿತ್ತು ದೊಡ್ಡಪ್ಪ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರು ಟೋಪಿ ಕಾರ್ಖಾನೆಗಳ ಊರು. ಅಲ್ಲಿಯ ವೈದ್ಯ ಅಡಿಸನ್ ಫ್ರೀಮನ್ 1860ರಲ್ಲಿಯೇ ಟೋಪಿ ಕೆಲಸಗಾರರ ಪಾದರಸ ರೋಗದ ಬಗ್ಗೆ ರಾಜ್ಯದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಂತೂ ಈ ನಡುಕಕ್ಕೆ ಊರಿನ ಹೆಸರೇ ಬಿದ್ದಿತ್ತು, ‘ಡ್ಯಾನ್‌ಬರಿ ಶೇಕ್ಸ್’. ಕಾಯಿಲೆಗೆ ಊರಿನ ಹೆಸರು ಬೀಳಬೇಕಾದರೆ ಬೀದಿಯಲ್ಲಿ ಎಷ್ಟು ಜನ ನಡುಗುತ್ತಿದ್ದಿರಬೇಕು! ಆ ದೇಶದ ಟೋಪಿ ಉದ್ಯಮ ಪಾದರಸ ಬಿಟ್ಟದ್ದು 1941ರಲ್ಲಿ, ಫ್ರೀಮನ್ ಬರೆದ 81 ವರ್ಷಗಳ ನಂತರ. ಆಗಲೂ ಒಂದು ಮುಖ್ಯ ಕಾರಣ ಯುದ್ಧ. ಸಿಡಿಗುಂಡಿನ ಸ್ಫೋಟಕಕ್ಕೆ ಪಾದರಸ ಬೇಕಾಗಿತ್ತು. ಹೈಡ್ರೋಜನ್ ಪೆರಾಕ್ಸೈಡ್ ಬಳಸಿಯೂ ತುಪ್ಪಳವನ್ನು ಒರಟು ಮಾಡಬಹುದಿತ್ತು.

ಅಣ್ಣ: ಟೋಪಿ ತೊಟ್ಟವರಿಗೆ ಏನೂ ಆಗಲಿಲ್ಲವೇ?

ನಾನು: ಪೆಟ್ಟು ಬಿದ್ದದ್ದು ಮಾಡಿದವರಿಗೆ. ಆದರೆ ಹಳೆಯ ಫೆಲ್ಟ್ ಟೋಪಿಗಳಲ್ಲಿ ಪಾದರಸ ಇಂದಿಗೂ ಉಳಿದಿದೆ. ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ಕೈಗವಸು ಹಾಕಿಕೊಂಡು ಮುಟ್ಟುತ್ತಾರೆ.

ದೊಡ್ಡಪ್ಪ: ಮೂರು ಗುಂಪುಗಳಿಗೆ ಆಗಲೇ ಕಳುಹಿಸಿಬಿಟ್ಟಿದ್ದೇನೆ. ನೀನು ತಿದ್ದಿ ಬರೆದುಕೊಡು, ಅದೇ ಮೂರು ಗುಂಪುಗಳಿಗೆ ಮತ್ತೆ ಹಾಕುತ್ತೇನೆ. ಷೂ ಕಳಚಿ ಬಿದ್ದ ಸಾಲು ಮಾತ್ರ ಇರಬೇಕು.

ನಾನು: ಇರುತ್ತದೆ. ಅದರ ಪಕ್ಕದಲ್ಲಿ 1860 ಮತ್ತು 1941 ಕೂಡ ಇರುತ್ತವೆ.

ಅತ್ತಿಗೆ: ಹ್ಯಾಟರ್‌ಗೆ ಏನೆಂದು ಬರೆಯುತ್ತೀಯ?

ನಾನು: ಟೋಪಿ ಕೆಲಸಗಾರ.