ಅಪ್‌ಡೇಟ್: ಗರಸಿನ ತಿರುವಿನಲ್ಲಿ ಮುಂದಿನ ಚಕ್ರ ಜಾರುವುದು ನಿಂತಿದೆ

ಬೆಂಗಳೂರಿನ ತುರಹಳ್ಳಿ ಕಾಡಿನಂಥ ಕಡೆ ಬಂಡೆ, ಗಟ್ಟಿ ನೆಲ, ಅದರ ಮೇಲೆ ಸಡಿಲ ಗರಸು. ಅಲ್ಲಿ ಓಡಿಸಲು 29 ಇಂಚು ಚಕ್ರದ ಹಾರ್ಡ್‌ಟೇಲ್‌ಗೆ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಸೈಕಲ್) ಯಾವ ಟೈರ್ ಎಂದು ಇಲ್ಲಿ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.

ಈಗ ಮುಂದೆ ಮ್ಯಾಕ್ಸಿಸ್ ಕಂಪನಿಯ ಮಿನಿಯನ್ ಡಿಎಚ್‌ಎಫ್ ಟೈರ್, 2.5 ಇಂಚು ಅಗಲ; ಹಿಂದೆ ಅದೇ ಕಂಪನಿಯ ಅಗ್ರೆಸರ್, 2.3 ಇಂಚು; ಎರಡೂ ಟ್ಯೂಬ್‌ಲೆಸ್. ರಿಮ್ ಒಳ ಅಗಲ 30 ಮಿ.ಮೀ. ಹಿಡಿತ ಹೆಚ್ಚು ಬೇಕಿರುವುದು ಮುಂದೆ, ಹಾಗಾಗಿ ಮೆದು ರಬ್ಬರ್ ಅಲ್ಲಿ. ಹಿಂದಿನದು ಬೇಗ ಸವೆಯುತ್ತದೆ, ಅಲ್ಲಿ ಗಟ್ಟಿ ರಬ್ಬರ್ ಸಾಕು. ಡಿಎಚ್‌ಎಫ್‌ನ ನಡುವಿನ ಮತ್ತು ಅಂಚಿನ ಗುಬ್ಬಿಗಳ (ರಬ್ಬರ್ ಉಬ್ಬುಗಳ) ಮಧ್ಯೆ ಖಾಲಿ ಕಾಲುವೆ ಇದೆ. ಸೈಕಲ್ ಅರೆಬರೆ ವಾಲಿಸಿದರೆ ತೂಕ ಆ ಕಾಲುವೆಯ ಮೇಲೇ ನಿಂತು ಜಾರುತ್ತದೆ. ಪೂರ್ತಿ ವಾಲಿಸಿ, ಅಂಚಿನ ಗುಬ್ಬಿ ಗರಸು ಸೀಳಿ ಗಟ್ಟಿ ನೆಲ ಕಚ್ಚುತ್ತದೆ.

ಆದರೆ ಅರ್ಧ ವ್ಯತ್ಯಾಸ ಗಾಳಿಯದ್ದೇ. ನನ್ನ 75 ಕೆಜಿ ತೂಕಕ್ಕೆ ಮುಂದೆ 21, ಹಿಂದೆ 25 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ನಿಲ್ಲಿಸಿದ್ದೇನೆ. ಮುಂದೆ 18ಕ್ಕೆ ಇಳಿಸಿದಾಗ ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಡಚಿತು. ಹಿಂದೆ 22ರಲ್ಲಿ ಬಂಡೆಗೆ ರಿಮ್ ಟಣ್ ಅಂದಿತು. ಒಂದೊಂದೇ ಪಿಎಸ್‌ಐ ಬದಲಿಸಿ, ಅದೂ ಡಿಜಿಟಲ್ ಗೇಜ್ ಇಟ್ಟುಕೊಂಡು. ಪಂಪಿನ ಮುಳ್ಳು ಈ ಕಡಿಮೆ ಒತ್ತಡದಲ್ಲಿ ನಂಬಿಕೆಗೆ ಬಾರದು.

ಸೀಲೆಂಟ್, ಅಂದರೆ ಟೈರಿನೊಳಗೆ ಹಾಕುವ ತೂತು ಮುಚ್ಚುವ ದ್ರವ, ಒಂದು ಚಕ್ರಕ್ಕೆ 110 ಮಿ.ಲೀ. ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ. ಟೈರ್ ಕೊಳ್ಳುವ ಮೊದಲು ಚೈನ್‌ಸ್ಟೇ (ಹಿಂದಿನ ಚಕ್ರದ ಎರಡು ಬದಿಯ ಫ್ರೇಮ್ ಕೊಳವೆ) ನಡುವಿನ ಜಾಗ ಅಳೆಯಿರಿ: ಟೈರಿನ ಎರಡೂ ಬದಿ 6 ಮಿ.ಮೀ. ಆದರೂ ಉಳಿಯದಿದ್ದರೆ ಮಳೆಗಾಲದ ಕೆಮ್ಮಣ್ಣು ಮೆತ್ತಿಕೊಂಡು ಚಕ್ರವೇ ನಿಲ್ಲುತ್ತದೆ.